ಪೇ ಸ್ಲಿಪ್‌ನಾಗಿನ ಶಬ್ದಗಳ ಅರ್ಥ ಯಾರರ ಬಿಡಿಸಿ ಹೇಳ್ರಿ: ಎಚ್‌ಆರ್‌ಎಂಎಸ್, ಕೆ2, ಪ್ರಾನ್, ಎಲ್ಲಾ ಗೊಂದಲ

ಹೊಸ ಎಸ್‌ಡಿಎ, ಗದಗ:

ಎಲ್ಲಾರಿಗೂ ನಮಸ್ಕಾರ್ರೀ. ನಾ ಹೊಸದಾಗಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರೀನಿ, ಗದಗ ಜಿಲ್ಲಾದಾಗ ಒಂದು ತಾಲೂಕ ಆಫೀಸ್‌ನ್ಯಾಗ. ಮೊದಲನೇ ಪಗಾರ ಆತು, ಪೇ ಸ್ಲಿಪ್ ಡೌನ್‌ಲೋಡ್ ಮಾಡಿ ನೋಡಿದ್ರ ಅರ್ಧಕ್ಕರ್ಧ ತಿಳಿವಲ್ದು. ಬೇಸಿಕ್ 34,100 ಅನ್ನೋದು ತಿಳೀತು, ಡಿಎ ತಿಳೀತು, ಆಮ್ಯಾಲೆ ಕೆಜಿಐಡಿ, ಇಜಿಐಎಸ್, ಪಿಟಿ, ಕಾಸ್ ಅಂತ ಸಾಲಾಗಿ ಕಟ್ ಆಗ್ಯಾವ, ಎನ್‌ಪಿಎಸ್ ಅನ್ನೋ ಕಡೆ ಮಾತ್ರ ಸೊನ್ನಿ ಐತಿ. ಕೇಸ್‌ವರ್ಕರ್ ಸರ್‌ನ ಕೇಳಿದ್ರ "ಪ್ರಾನ್ ಬಂದಿಲ್ಲಲ್ಲ ಅದಕ್ಕ, ಮುಂದ ಬ್ಯಾಕ್‌ಲಾಗ್ ಹಿಡೀತೀವಿ, ಉಳಿದದ್ದು ಇಎಸ್‌ಎಸ್‌ನ್ಯಾಗ ನೋಡ್ಕೋರಿ" ಅಂದು ಫೈಲಿಗೆ ತಲಿ ಹಾಕಿಬಿಟ್ರು. ಬ್ಯಾಕ್‌ಲಾಗ್ ಅಂದ್ರ ಡಿಗ್ರಿ ಒಳಗ ಫೇಲ್ ಆದ ಸಬ್ಜೆಕ್ಟ್ ಅಂತ ಇಷ್ಟ ನಂಗ ಗೊತ್ತಿದ್ದದ್ದು. ಯಾರರ ತಿಳಿದವ್ರು ಸಾವಕಾಶ ಹೇಳಿದ್ರ ಪುಣ್ಯ ಬರ್ತೈತಿ.

ತುಮಕೂರು ಸೂಪರಿಂಟೆಂಡೆಂಟ್ (ನಿವೃತ್ತ):

ಸ್ವಾಗತ. ತಂಗಿನೋ ತಮ್ಮನೋ ಗೊತ್ತಿಲ್ಲ, ಇರ್ಲಿ. ಮೊದ್ಲು ಒಂದು ವಿಷ್ಯ ತಲೇಲಿಟ್ಕೊಳಿ. ಆ ಸ್ಲಿಪ್‌ನಲ್ಲಿರೋ ಒಂದೊಂದು ಪದಕ್ಕೂ ಒಬ್ಬ ಯಜಮಾನ ಇದಾನೆ, ಎಚ್‌ಆರ್‌ಎಂಎಸ್ ಯಾವ್ದಕ್ಕೂ ಯಜಮಾನ ಅಲ್ಲ, ಅದು ನೌಕರರ ಸಂಬಳ, ಸೇವಾ ವಿವರ ಇಟ್ಕೊಳ್ಳೋ ಸರ್ಕಾರದ ಸಾಫ್ಟ್‌ವೇರು, ಬರೀ ಲೆಕ್ಕ ಬರೆಯೋ ಗುಮಾಸ್ತ. ನಾವು ಸರ್ವೀಸ್‌ಗೆ ಸೇರ್ದಾಗ ಪೇ ಬಿಲ್ಲು ಕೈಯಲ್ಲೇ ಬರೀತಿದ್ವಿ, ಕಾರ್ಬನ್ ಹಾಕಿ, ಆಗ್ಲೂ ಹೆಚ್ಚುಕಮ್ಮಿ ಇವೇ ಕಾಲಂಗಳು ಇದ್ವು, ಈಗ ಸ್ಕ್ರೀನ್ ಮೇಲೆ ಬಂದಿವೆ ಅಷ್ಟೇ. ಜನ ಏನ್ ಮಾಡ್ತಾರೆ ಅಂದ್ರೆ ಯಾವುದೇ ತೊಂದ್ರೆ ಆದ್ರೂ "ಎಚ್‌ಆರ್‌ಎಂಎಸ್ ಸರಿ ಇಲ್ಲ" ಅಂತಾರೆ, ತೊಂದ್ರೆ ಇರೋದು ಇನ್ನೆಲ್ಲೋ.

ನಿಮ್ಮ ಸ್ಲಿಪ್ಪನ್ನೇ ತಗೊಳಿ. 34,100 ಮೂಲ ವೇತನ, ಇದು ಏಳನೇ ವೇತನ ಆಯೋಗದ ಸ್ಕೇಲು, 2024ರ ಆಗಸ್ಟ್ 1ರಿಂದ ಕೈಗೆ ಬಂತು, ಅದಕ್ಕೆ ಮುಂಚೆ ಎಸ್‌ಡಿಎಗೆ 21,400 ಇತ್ತು. ಡಿಎ ಅಂದ್ರೆ ತುಟ್ಟಿಭತ್ಯೆ, 2025ರ ಜುಲೈನಿಂದ 14.25 ಪರ್ಸೆಂಟು, ನಿಮಗೆ 4,859 ಬಂದಿರುತ್ತೆ ನೋಡಿ. ಎಚ್‌ಆರ್‌ಎ ಮನೆ ಬಾಡಿಗೆ ಭತ್ಯೆ, ಅದು ಊರಿನ ಜನಸಂಖ್ಯೆ ಮೇಲೆ, ಬೆಂಗಳೂರಲ್ಲಿ 20, ಅದ್ರ ಕೆಳಗಿನ ದೊಡ್ಡ ಊರುಗಳಿಗೆ 15, ಮಿಕ್ಕಿದ್ದಕ್ಕೆಲ್ಲ 7.5. ನಿಮ್ದು 7.5 ಲೆಕ್ಕ. ಇವಿಷ್ಟಕ್ಕೆ ಯಜಮಾನ ಆರ್ಥಿಕ ಇಲಾಖೆ. ಆದೇಶ ಬಂದ್ಮೇಲೆ ದರ ಬದಲಾಗುತ್ತೆ, ಅಲ್ಲೀತಂಕ ಯಾರನ್ನ ಕೇಳಿದ್ರೂ ಪ್ರಯೋಜನ ಇಲ್ಲ.

ಕೆಜಿಐಡಿ ಅಂದ್ರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. 1891ರಷ್ಟು ಹಳೇದು, ಮಹಾರಾಜರ ಕಾಲದ್ದು. ಸರ್ಕಾರಿ ನೌಕರ ಅಂದ್ಮೇಲೆ ಈ ವಿಮೆ ಕಡ್ಡಾಯ. ಇಜಿಐಎಸ್ ಅನ್ನೋದು ಗುಂಪು ವಿಮೆ, ನೀವು ಎ ಬಿ ಸಿ ಡಿ ಯಾವ ಗ್ರೂಪೋ ಅದ್ರ ಮೇಲೆ ಕಂತು, ಅದರಲ್ಲಿ ಒಂದು ಭಾಗ ವಿಮೆಗೆ, ಒಂದು ಭಾಗ ಉಳಿತಾಯಕ್ಕೆ, ರಿಟೈರ್ ಆದಾಗ ಉಳಿತಾಯದ ದುಡ್ಡು ಬಡ್ಡಿ ಸಮೇತ ಬರುತ್ತೆ. ಎರಡನ್ನೂ ಒಂದೇ ಅಂದ್ಕೊಂಡು ಕೂತಿರೋ ಹಳಬ್ರನ್ನೂ ನೋಡಿದೀನಿ. ಪಿಟಿ ವೃತ್ತಿ ತೆರಿಗೆ, ತಿಂಗಳಿಗೆ 200, ಫೆಬ್ರವರಿಲಿ ಮಾತ್ರ 300, 2025ರಲ್ಲಿ ಕಾನೂನು ತಿದ್ದಿ ವರ್ಷಕ್ಕೆ 2,500 ಮಾಡಿದ್ರು ಅದಕ್ಕೆ. ಫೆಬ್ರವರಿಲಿ ಬಂದು "ನೂರು ರೂಪಾಯಿ ಜಾಸ್ತಿ ಯಾಕೆ ಹಿಡಿದ್ರಿ" ಅಂತ ಕೇಸ್‌ವರ್ಕರ್ ಹತ್ರ ಜಗಳ ಆಡ್ಬೇಡಿ.

ಕಾಸ್ ಬಗ್ಗೆ, ಎನ್‌ಪಿಎಸ್ ಬಗ್ಗೆ ಬೇರೆಯವ್ರು ಬರೀಲಿ, ಕಣ್ಣು ನೋಯ್ತಿದೆ.

ಹೊಸ ಎಸ್‌ಡಿಎ, ಗದಗ:

ತಂಗಿ ಅನ್ರೀ ಸರ್. ಭಾಳ ಉಪಕಾರ ಆತು. 4,859 ಕರೆಕ್ಟ್ ಐತಿ.

ಲೆಕ್ಕದಣ್ಣ, ದಾವಣಗೆರೆ:

ಎನ್‌ಪಿಎಸ್ ನಾನ್ ಹೇಳ್ತೀನಿ, ನಾನು ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲೇ ಇರೋದು, ನಮ್ಮಲ್ಲಿ ಹೊಸಬ್ರು ಬಂದಾಗೆಲ್ಲ ಇದೇ ಕಥೆ. ಎನ್‌ಪಿಎಸ್ ಅಂದ್ರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವ್ರೆಲ್ಲ ಎನ್‌ಪಿಎಸ್. ಪ್ರಾನ್ ಅಂದ್ರೆ ಅದರ ಖಾತೆ ನಂಬರು, 12 ಅಂಕಿ, ಕೆಲಸ ಬಿಟ್ಟು ಬೇರೆ ಇಲಾಖೆಗೆ ಹೋದ್ರೂ ಅದೇ ನಂಬರು. ಅದನ್ನ ಕೊಡೋದು ಸಿಆರ್‌ಎ, ನಮ್ಮ ಸರ್ಕಾರ ಅಲ್ಲ, ಸಿಆರ್‌ಎ ಅಂದ್ರೆ ಪ್ರಾನ್‌ಗಳ ದಾಖಲೆ ಇಟ್ಕೊಳ್ಳೋ ಸಂಸ್ಥೆ, ದೇಶದಲ್ಲಿ ಒಂದಕ್ಕಿಂತ ಹೆಚ್ಚಿವೆ, ಅದ್ರಲ್ಲಿ ಒಂದಕ್ಕೆ ಮೊದ್ಲು ಎನ್‌ಎಸ್‌ಡಿಎಲ್ ಅಂತಿದ್ರು ಈಗ ಪ್ರೋಟಿಯನ್ ಅಂತ ಹೆಸರು ಬದಲಾಗಿದೆ.

ಈಗ ಸೊನ್ನೆ ಯಾಕೆ? ಪ್ರಾನ್ ಇಲ್ದೆ ದುಡ್ಡು ಹಿಡಿದ್ರೆ ಯಾರ ಖಾತೆಗೆ ಹಾಕ್ಬೇಕು? ಅದಕ್ಕೆ ಹಿಡಿದಿಲ್ಲ. ಪ್ರಾನ್ ಬಂದು ಎಚ್‌ಆರ್‌ಎಂಎಸ್‌ನಲ್ಲಿ ಎಂಟ್ರಿ ಆದ್ಮೇಲೆ ತಿಂಗಳು ತಿಂಗಳು ಮೂಲ ವೇತನ ಮತ್ತೆ ಡಿಎ ಸೇರಿಸಿ ಅದ್ರ 10 ಪರ್ಸೆಂಟು ಕಟ್ಟಾಗುತ್ತೆ, ನಿಮ್ ಲೆಕ್ಕದಲ್ಲಿ 38,959ಕ್ಕೆ 3,896, ಸರ್ಕಾರ ತನ್ನ ಕಡೆಯಿಂದ 14 ಪರ್ಸೆಂಟು ಹಾಕುತ್ತೆ ಅಂದ್ರೆ 5,454. ಸೇರಿದ ದಿನದಿಂದ ಪ್ರಾನ್ ಬರೋವರ್ಗೂ ಹಿಡೀದೇ ಬಿಟ್ಟಿದ್ದು ಏನಿದೆ ಅದೇ ಬ್ಯಾಕ್‌ಲಾಗ್. ಅದನ್ನ ಆಮೇಲೆ ಹಿಡೀತಾರೆ. ಈಗ ಕೈಗೆ ಜಾಸ್ತಿ ಬಂತು ಅಂತ ಖುಷಿಪಟ್ಟು ಬೈಕ್ ಇಎಂಐ ಹಾಕ್ಕೊಂಡವ್ರು ಆಮೇಲೆ ಒದ್ದಾಡಿದ್ದನ್ನ ಕಣ್ಣಾರೆ ನೋಡಿದೀನಿ. ಬ್ಯಾಕ್‌ಲಾಗ್ ತಡ ಆದಷ್ಟೂ ನಷ್ಟ ನಿಮಗೇನೆ, ಆ ದುಡ್ಡು ಹೂಡಿಕೆ ಆಗದೆ ಸುಮ್ನೆ ಇರುತ್ತೆ, ಆದ್ರಿಂದ ಪ್ರಾನ್ ಅರ್ಜಿ ಎಲ್ಲಿಗೆ ಬಂತು ಅಂತ ನೀವೇ ಬೆನ್ನು ಹತ್ತಿ.

ಇನ್ನೊಂದು, ಪೇ ಸ್ಲಿಪ್‌ನಲ್ಲಿ ಕಟ್ ಆದ ಮಾತ್ರಕ್ಕೆ ಖಾತೆಗೆ ಹೋಯ್ತು ಅಂತಲ್ಲ. ಸಿಆರ್‌ಎ ಲಾಗಿನ್ ಮಾಡಿ ಸ್ಟೇಟ್‌ಮೆಂಟ್ ನೋಡಿ, ನಿಮ್ಮ 10 ಒಂದು ಸಾಲು, ಸರ್ಕಾರದ 14 ಇನ್ನೊಂದು ಸಾಲು ಇರ್ಬೇಕು.

ಓಪಿಎಸ್ ಹೋರಾಟಗಾರ:

ಈ ಎನ್‌ಪಿಎಸ್ಸೇ ಬೇಡ ಅನ್ನೋದು ನಮ್ಮ ವಾದ, ಮೊದ್ಲು ಓಪಿಎಸ್ (ಹಳೇ ಪಿಂಚಣಿ ಯೋಜನೆ) ಬರ್ಲಿ, ಆಮೇಲೆ ಪ್ರಾನ್ ಗೀನ್ ಏನೂ ಬೇಕಾಗಲ್ಲ

ನಿರ್ವಾಹಕ:

ಓಪಿಎಸ್ ಚರ್ಚೆಗೆ ಬೇರೆ ಥ್ರೆಡ್ ಇದೆ, ಅಲ್ಲಿ ಹೋಗಿ ದಯವಿಟ್ಟು. ಇಲ್ಲಿ ಪದಗಳ ಅರ್ಥ ಮಾತ್ರ.

ಓಪಿಎಸ್ ಹೋರಾಟಗಾರ:

ಆಯ್ತು ಸ್ವಾಮಿ

ಪೊಲೀಸಪ್ಪ, ಬಳ್ಳಾರಿ:

ನನ್ದೊಂದು ಡೌಟು. ಕೆಜಿಐಡಿ ನಂಬರ್ ಅಂತ ಕೇಳ್ತಾರಲ್ಲ ಎಲ್ಲಾ ಕಡೆ, ಲಾಗಿನ್‌ಗೂ ಅದೇ, ರಜೆ ಅರ್ಜಿಗೂ ಅದೇ. ನನ್ನ ಹತ್ರ ಕೆಜಿಐಡಿ ಪಾಲಿಸಿ ಬಾಂಡು ಮೂರು ಇದಾವೆ, ಮೂರಕ್ಕೂ ಬೇರೆ ಬೇರೆ ನಂಬರು. ಯಾವ್ದು ಹಾಕ್ಬೇಕು? ನಮ್ಗೆ ಇದ್ರ ಮೇಲೆ ಮೆಟಲ್ ನಂಬರ್ ಬೇರೆ ಇರುತ್ತೆ.

ಲೆಕ್ಕದಣ್ಣ, ದಾವಣಗೆರೆ:

ಮೊದಲನೇ ಪಾಲಿಸಿ ನಂಬರೇ ನಿಮ್ಮ ಕೆಜಿಐಡಿ ನಂಬರ್ ಸರ್. ಸಂಬಳ ಏರಿದಾಗೆಲ್ಲ ಕಂತು ಜಾಸ್ತಿ ಮಾಡ್ಬೇಕು, ಆವಾಗ ಹೆಚ್ಚುವರಿ ಪಾಲಿಸಿ ಬರುತ್ತೆ, ಅವಕ್ಕೆ ಹೊಸ ನಂಬರು. ಆದ್ರೆ ನೌಕರ ಅಂತ ನಿಮ್ಮನ್ನ ಗುರುತು ಹಿಡಿಯೋದು ಮೊದಲನೇದ್ರಿಂದ. ಹಾಗಾಗಿ ಪಾಲಿಸಿ ಮೇಲೆ ಸಾಲ ತಗೊಳ್ಳೋದಾದ್ರೆ ಪಾಲಿಸಿ ನಂಬರ್‌ಗಳೆಲ್ಲ ಬೇಕು, ಲಾಗಿನ್‌ಗೆ ಮೊದಲನೇದು ಮಾತ್ರ. ಮೆಟಲ್ ನಂಬರು ನಿಮ್ಮ ಇಲಾಖೆ ಒಳಗಿನದು, ಎದೆ ಮೇಲೆ ಹಾಕ್ಕೊಳ್ಳೋದು, ವಿಮಾ ಇಲಾಖೆಗೂ ಅದಕ್ಕೂ ಸಂಬಂಧ ಇಲ್ಲ.

ಪೊಲೀಸಪ್ಪ, ಬಳ್ಳಾರಿ:

ಓಹೋ. ಇಷ್ಟು ವರ್ಷ ಹೊಸ ಬಾಂಡಿನ ನಂಬರ್ ಹಾಕಿ ಲಾಗಿನ್ ಆಗ್ತಿಲ್ಲ ಅಂತ ಸೈಟಿಗೆ ಬೈತಿದ್ದ ನಮ್ಮ ಹೆಡ್ ಕಾನ್‌ಸ್ಟೇಬಲ್ ಸಾಹೇಬ್ರಿಗೆ ಇದನ್ನ ಫಾರ್ವರ್ಡ್ ಮಾಡ್ತೀನಿ.

ನರ್ಸಕ್ಕ, ಉಡುಪಿ:

ಮಾರಾಯ್ರೆ ನನ್ನ ಕಥೆ ಕೇಳಿ. ಟ್ರಾನ್ಸ್‌ಫರ್ ಆಗಿ ಇಲ್ಲಿ ಬಂದು ಡ್ಯೂಟಿಗೆ ಸೇರಿ ಆಯ್ತು, ಸಂಬಳ ಇಲ್ಲ. ಇಲ್ಲಿಯ ಕ್ಲರ್ಕ್ ಹೇಳುವುದು ಎಲ್‌ಪಿಸಿ ಬರ್ಲಿಲ್ಲ ಅಂತ, ಹಳೆ ಆಸ್ಪತ್ರೆಯವರು ಹೇಳುವುದು ನಾವು ಎಲ್‌ಪಿಸಿ ಕೊಟ್ಟಾಗಿದೆ ಅಂತ. ಪೇಪರಿನ ಎಲ್‌ಪಿಸಿ ನನ್ನ ಕೈಯಲ್ಲೇ ಉಂಟು! ಇನ್ನೆಂತ ಬೇಕಂತೆ ಇವರಿಗೆ? ಮತ್ತೆ ಸಿಟಿಸಿ ಕೊಡಿ ಅಂತ ಬೇರೆ ಕೇಳಿದ್ರು.

ಕಾರ್ಪೊರೇಟ್ ಕೂಲಿ, ಬೆಂಗಳೂರು:

ಸರ್ಕಾರಿ ಕೆಲಸದಲ್ಲೂ ಸಿಟಿಸಿ ಕೇಳ್ತಾರಾ?? ನೆಗೋಶಿಯೇಟ್ ಮಾಡಬಹುದಾ? 😄

ತುಮಕೂರು ಸೂಪರಿಂಟೆಂಡೆಂಟ್ (ನಿವೃತ್ತ):

ನಿಮ್ಮ ಸಿಟಿಸಿ ಅಲ್ಲಪ್ಪ ಅದು. ನಿಮ್ಮಲ್ಲಿ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತೆ ಅನ್ನೋದು. ನಮ್ಮಲ್ಲಿ ಸಿಟಿಸಿ ಅಂದ್ರೆ ಪ್ರಭಾರ ಹಸ್ತಾಂತರ ಪತ್ರ, ನಾನು ಇಂಥಾ ದಿನ ಪೂರ್ವಾಹ್ನ ಇಲ್ಲಾ ಅಪರಾಹ್ನ ಚಾರ್ಜ್ ಕೊಟ್ಟೆ, ಇವ್ರು ತಗೊಂಡ್ರು ಅಂತ ಇಬ್ರೂ ಸೈನ್ ಹಾಕೋದು. ಆ ಪೂರ್ವಾಹ್ನ ಅಪರಾಹ್ನ ತುಂಬಾ ಮುಖ್ಯ ಕಣ್ರೀ, ಒಂದು ದಿನದ ಸಂಬಳ ಯಾವ ಆಫೀಸಲ್ಲಿ ಸೆಳೀಬೇಕು ಅನ್ನೋದು ಅದ್ರ ಮೇಲೆ ನಿಂತಿದೆ.

ನರ್ಸಮ್ಮ, ನಿಮ್ಮ ವಿಷ್ಯಕ್ಕೆ ಬರ್ತೀನಿ. ಎಲ್‌ಪಿಸಿ ಅಂದ್ರೆ ಅಂತಿಮ ವೇತನ ಪ್ರಮಾಣಪತ್ರ, ಹಳೇ ಕಚೇರಿ ನಿಮಗೆ ಯಾವ ತಾರೀಕಿನವರೆಗೆ ಎಷ್ಟು ಕೊಟ್ಟಿದೆ, ಯಾವ ಸಾಲ ಎಷ್ಟು ಕಂತು ಬಾಕಿ ಅನ್ನೋದು. ಪೇಪರ್‌ದು ನಿಮ್ಮ ಕೈಲಿದ್ರೆ ಸಾಲ್ದು. ಎಚ್‌ಆರ್‌ಎಂಎಸ್‌ನಲ್ಲಿ ಹಳೇ ಡಿಡಿಓ ನಿಮ್ಮನ್ನ ರಿಲೀವ್ ಮಾಡಿರ್ಬೇಕು, ಆವಾಗ್ಲೇ ನಿಮ್ಮ ಹೆಸ್ರು ಹೊಸ ಡಿಡಿಓ ಕಣ್ಣಿಗೆ ಬೀಳೋದು, ಆಮೇಲೆ ಅವ್ರು ಜಾಯಿನ್ ಅಂತ ತಗೋಬೇಕು. ನಿಮ್ಮ ಕೇಸಲ್ಲಿ ಹಳೇ ಕಡೆ ಕಾಗದ ಕೊಟ್ಟಿದಾರೆ, ಗಣಕಯಂತ್ರದಲ್ಲಿ ಬಿಟ್ಟಿಲ್ಲ. ಅಲ್ಲಿಗೇ ಫೋನ್ ಮಾಡಿ, "ಎಲ್‌ಪಿಸಿ ಕೊಡಿ" ಅಂತ ಕೇಳ್ಬೇಡಿ, ಕೊಟ್ಟಿದೀವಿ ಅಂತಾರೆ. "ಎಚ್‌ಆರ್‌ಎಂಎಸ್‌ನಲ್ಲಿ ರಿಲೀವ್ ಎಂಟ್ರಿ ಆಗಿದೆಯಾ, ಆಗಿದ್ರೆ ಯಾವ ಡಿಡಿಓ ಕೋಡ್‌ಗೆ ಕಳ್ಸಿದೀರಿ" ಅಂತ ಕೇಳಿ. ಉಡುಪಿ ಬದ್ಲು ಇನ್ಯಾವ್ದೋ ಕೋಡ್‌ಗೆ ಕಳ್ಸಿರೋ ಕೇಸೂ ಉಂಟು.

ಡಿಡಿಓ ಅಂದ್ರೆ ಗೊತ್ತಲ್ಲ, ಹಣ ಸೆಳೆದು ಬಟವಾಡೆ ಮಾಡೋ ಅಧಿಕಾರಿ. ಮನುಷ್ಯನಿಗೂ ಡಿಡಿಓ ಅಂತಾರೆ, ಆ ಕೋಡಿಗೂ ಡಿಡಿಓ ಅಂತಾರೆ. ಸಾಹೇಬ್ರು ಬದಲಾದ್ರೂ ಕೋಡು ಬದಲಾಗಲ್ಲ.

ನರ್ಸಕ್ಕ, ಉಡುಪಿ:

ಸರ್ ನೀವು ಹೇಳಿದ ಹಾಗೆಯೇ ಕೇಳಿದೆ. ರಿಲೀವ್ ಆಗಿರ್ಲೇ ಇಲ್ಲ! ಕೇಸ್‌ವರ್ಕರ್ ರಜೆಯಲ್ಲಿದ್ರಂತೆ. ಇವತ್ತು ಮಾಡಿದ್ರು. ಆದ್ರೆ ಈಗ ಇಲ್ಲಿ ಹೇಳ್ತಾರೆ ಹುದ್ದೆ ಖಾಲಿ ತೋರಿಸ್ತಾ ಇಲ್ಲ ಅಂತ. ಮುಗಿಯುವುದೇ ಇಲ್ವಾ ಇದು?

ಲೆಕ್ಕದಣ್ಣ, ದಾವಣಗೆರೆ:

ಮುಗಿಯುತ್ತೆ ಮೇಡಂ. ಅಲ್ಲಿ ಮೊದ್ಲಿದ್ದವ್ರು ಹೋಗಿದಾರೆ, ಅವ್ರನ್ನ ಇವ್ರು ಇನ್ನೂ ಸಿಸ್ಟಂನಿಂದ ಬಿಟ್ಟಿಲ್ಲ. ಮಂಜೂರಾದ ಹುದ್ದೆ ಎಷ್ಟಿದೆಯೋ ಅಷ್ಟೇ ಜನ ಕೂರಕ್ಕಾಗೋದು. ಅವ್ರ ರಿಲೀವ್ ಆದ್ರೆ ನಿಮ್ದು ಕೂರುತ್ತೆ. ಸಂಬಳ ಎಲ್ಲೂ ಹೋಗಲ್ಲ, ತಪ್ಪಿದ ತಿಂಗಳದ್ದು ಸಪ್ಲಿಮೆಂಟರಿ ಬಿಲ್ಲಲ್ಲಿ ಮಾಡ್ತಾರೆ. ಹಾಂ, ಸಪ್ಲಿಮೆಂಟರಿ ಬೇರೆ ಅರಿಯರ್ಸ್ ಬೇರೆ. ಆ ತಿಂಗಳ ಸಂಬಳವೇ ಆಗಿಲ್ಲ ಅಂದ್ರೆ ಸಪ್ಲಿಮೆಂಟರಿ. ಆಗಿದೆ, ಆದ್ರೆ ಕಮ್ಮಿ ಆಗಿದೆ, ಡಿಎ ಏರಿದ್ದು ಇಂಕ್ರಿಮೆಂಟ್ ಬಿಟ್ಟಿದ್ದು ಇಂಥಾ ವ್ಯತ್ಯಾಸದ ದುಡ್ಡು ಅರಿಯರ್ಸ್.

ಕೊಪ್ಪಳ ಮೇಷ್ಟ್ರು:

ನಮ್ಮ ಶಿಕ್ಷಣ ಇಲಾಖೇದು ಇನ್ನೊಂದು ನಮೂನಿ ಮಜಾ ಐತ್ರಿ. ನಮಗ ಎಚ್‌ಆರ್‌ಎಂಎಸ್ ಅಲ್ದ ಇಇಡಿಎಸ್ ಅಂತ ಬ್ಯಾರೆ ಐತಿ, ವರ್ಗಾವಣೆ ಎಲ್ಲಾ ಅದರಾಗ. ಅದರಾಗ ಟಿಡಿಎಸ್ ಅಂದ್ರ ಟೀಚರ್ ಡೇಟಾ ಶೀಟ್, ನಮ್ಮ ಜಾತಕ ಇದ್ದಂಗ, ಯಾವಾಗ ಸೇರಿದ್ರಿ ಯಾವ ಸಾಲಿ ಎಷ್ಟು ವರ್ಷ ಅಂತ. ವಾಟ್ಸಾಪ್ ಗ್ರೂಪ್‌ನ್ಯಾಗ ಒಂದ್ಸಲ "ಎಲ್ಲರೂ ನಾಳೆ ಒಳಗ ಟಿಡಿಎಸ್ ಸರಿಪಡಿಸಿಕೊಳ್ಳಬೇಕು" ಅಂತ ಮೆಸೇಜ್ ಬಂತು, ಅರ್ಧ ಮಂದಿ ಮೇಷ್ಟ್ರು ಇನ್‌ಕಮ್ ಟ್ಯಾಕ್ಸ್ ಆಡಿಟರ್ ಕಡೆ ಓಡಿದ್ರು.

ಅದಿರ್ಲಿ, ನನ್ನ ಖರೇ ಪ್ರಶ್ನೆ ಆ ಇನ್ನೊಂದು ಟಿಡಿಎಸ್ ಬಗ್ಗೆನ. ಪೇ ಸ್ಲಿಪ್‌ನ್ಯಾಗ ಟ್ಯಾಕ್ಸ್ ಹಿಡದದ್ದು ಕಾಣ್ತೈತಿ, ನಮ್ಮ ಪ್ಯಾನ್‌ಗೆ ಎಷ್ಟು ಟ್ಯಾಕ್ಸ್ ಜಮಾ ಆಗೇತಿ ಅಂತ ತೋರಿಸೋ 26ಎಎಸ್ ತಗದು ನೋಡಿದ್ರ ಏನೂ ಇಲ್ಲ. ರಿಟರ್ನ್ ಫೈಲ್ ಮಾಡಿದ್ರ ಮತ್ತ ಟ್ಯಾಕ್ಸ್ ತುಂಬು ಅಂತ ನೋಟಿಸ್ ಬರ್ತೈತಿ.

ಲೆಕ್ಕದಣ್ಣ, ದಾವಣಗೆರೆ:

ಇದು ಬಹಳ ಕಡೆ ಆಗೋದೇ ಸರ್. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ನಿಮ್ಮ ಸಂಬಳದಲ್ಲಿ ಹಿಡಿದ ತೆರಿಗೆ ಚಲನ್ ಕಟ್ಟಿ ಹೋಗೋದಲ್ಲ, ಖಜಾನೆಯವ್ರೇ ಪುಸ್ತಕದಲ್ಲಿ ಹೊಂದಾಣಿಕೆ ಮಾಡಿ ಕೇಂದ್ರಕ್ಕೆ ಕಳಿಸ್ತಾರೆ, ಕಳಿಸಿ ತಿಂಗಳಿಗೊಂದು 24ಜಿ ಅನ್ನೋ ಲೆಕ್ಕ ಕೊಡ್ತಾರೆ. ಅದರಿಂದ ನಿಮ್ಮ ಡಿಡಿಓಗೆ ಬಿನ್ ಅಂತ ಒಂದು ನಂಬರ್ ಹುಟ್ಟುತ್ತೆ. ಆ ಬಿನ್ ಹಾಕಿ ಡಿಡಿಓ ಮೂರು ತಿಂಗಳಿಗೊಮ್ಮೆ 24ಕ್ಯು ಅನ್ನೋ ತೆರಿಗೆ ಲೆಕ್ಕ ಫೈಲ್ ಮಾಡ್ಬೇಕು, ಅದರಲ್ಲಿ ಯಾವ ಪ್ಯಾನ್‌ಗೆ ಎಷ್ಟು ಅಂತ ಇರುತ್ತೆ. ಇದು ಫೈಲ್ ಆದ್ಮೇಲೇನೇ 26ಎಎಸ್‌ಗೆ ಬರೋದು. ಹೆಚ್ಚಿನ ಸಲ 24ಕ್ಯು ಫೈಲೇ ಆಗಿರಲ್ಲ, ಇಲ್ಲಾ ನಿಮ್ಮ ಪ್ಯಾನ್ ಒಂದಕ್ಷರ ತಪ್ಪಿರುತ್ತೆ. ಫಾರಂ 16ರಲ್ಲಿ ಎರಡು ಭಾಗ, ಎ ಭಾಗ ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಅನ್ನೋ ಸೈಟಿಂದ ಇಳಿಸಿದ್ದಾಗಿರ್ಬೇಕು. ಕೆಲವು ಕಡೆ ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿ ಸೀಲ್ ಹೊಡೆದು ಕೈಗೆ ಕೊಡ್ತಾರೆ, ಅದನ್ನ ಫಾರಂ 16 ಅಂತ ನಂಬ್ಬೇಡಿ. ಟ್ರೇಸಸ್ ಎ ಭಾಗ ಕೇಳಿ. ಇಲ್ಲ ಅಂದ್ರೆ ಕ್ವಾರ್ಟರ್ ಹೇಳಿ "24ಕ್ಯು ಅಕ್ನಾಲೆಜ್‌ಮೆಂಟ್ ತೋರಿಸಿ" ಅಂತ ಕೇಳಿ, ಆವಾಗ ವಿಷಯ ಹೊರಗೆ ಬರುತ್ತೆ.

ಇದರಲ್ಲಿ ಎಚ್‌ಆರ್‌ಎಂಎಸ್‌ದು ಏನೂ ತಪ್ಪಿಲ್ಲ ನೋಡಿ, ಅದು ಹಿಡಿಯೋ ಕೆಲಸ ಮಾಡಿದೆ.

ಕೊಪ್ಪಳ ಮೇಷ್ಟ್ರು:

ಅಬ್ಬಾ. ಬಿಇಓ ಆಫೀಸಿಗೆ ಹೋಗಿ "24ಕ್ಯು" ಅಂದ್ರ ನನ್ನ ಮಾರಿ ನೋಡಿ ಕುರ್ಚಿ ಕೊಡ್ತಾರ ಅನಸ್ತೈತಿ.

ಕಾರ್ಪೊರೇಟ್ ಕೂಲಿ, ಬೆಂಗಳೂರು:

ನಮ್ಮಪ್ಪ ಸರ್ಕಾರಿ ನೌಕರ, ಅವ್ರ ಲಾಗಿನ್ ನಾನೇ ನೋಡ್ತೀನಿ ಅದಕ್ಕೆ ಈ ಥ್ರೆಡ್ ಓದ್ತಾ ಇದೀನಿ. ನಮ್ಮಲ್ಲಿ ರಜೆ ಅಂದ್ರೆ ಸಿಂಪಲ್, ಬ್ಯಾಲೆನ್ಸ್ ಮುಗಿದ್ರೆ ಎಲ್‌ಓಪಿ, ಅಂದ್ರೆ ಆ ದಿನದ ಸಂಬಳ ಕಟ್. ಇಲ್ಲಿ ಇಎಲ್, ಎಚ್‌ಪಿಎಲ್, ಕಮ್ಯೂಟೆಡ್, ಇಓಎಲ್, ಸರೆಂಡರ್ ಅಂತ ಇದೆ, ಸಿಎಲ್ ಮಾತ್ರ ಕಾಣ್ತಾನೇ ಇಲ್ಲ, ಯಾಕೆ?

ತುಮಕೂರು ಸೂಪರಿಂಟೆಂಡೆಂಟ್ (ನಿವೃತ್ತ):

ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡ್ ಬಂದೆ. ಇದು ನನ್ನ ಪ್ರೀತಿಯ ವಿಷ್ಯ.

ಈ ಹೆಸರುಗಳೆಲ್ಲ ಕೆಸಿಎಸ್‌ಆರ್‌ದು, ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ, 1958ರದ್ದು. ಸಾಫ್ಟ್‌ವೇರ್‌ನವ್ರು ಹುಟ್ಟಿಸಿದ್ದಲ್ಲ. ಇಎಲ್ ಅಂದ್ರೆ ಗಳಿಕೆ ರಜೆ, ವರ್ಷಕ್ಕೆ 30 ದಿನ, ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಮುಂಗಡವಾಗಿ ಜಮಾ, ಒಟ್ಟು 300 ದಾಟೋ ಹಾಗಿಲ್ಲ. ಮೇಷ್ಟ್ರುಗಳಿಗೆ ಬೇಸಿಗೆ ದಸರಾ ರಜೆ ಇರೋದ್ರಿಂದ ವರ್ಷಕ್ಕೆ 10 ಮಾತ್ರ. ಎಚ್‌ಪಿಎಲ್ ಅರ್ಧ ವೇತನ ರಜೆ, ವರ್ಷಕ್ಕೆ 20. ಕಮ್ಯೂಟೆಡ್ ಅಂದ್ರೆ ಪರಿವರ್ತಿತ ರಜೆ, ಅದಕ್ಕೆ ಪ್ರತ್ಯೇಕ ಖಾತೆನೇ ಇಲ್ಲ. ವೈದ್ಯರ ಸರ್ಟಿಫಿಕೇಟ್ ಕೊಟ್ಟು ಅರ್ಧ ವೇತನ ರಜೆಯನ್ನ ಪೂರ್ತಿ ವೇತನದ್ದಾಗಿ ಮಾಡ್ಕೊಳ್ಳೋದು, ಆವಾಗ ನೀವು 10 ದಿನ ತಗೊಂಡ್ರೆ ಎಚ್‌ಪಿಎಲ್ ಖಾತೆಯಿಂದ 20 ಹೋಗುತ್ತೆ. "ನಾನು ಹತ್ತೇ ದಿನ ಹಾಕಿದ್ದು ಇಪ್ಪತ್ತು ಯಾಕೆ ಕಳೆದ್ರಿ" ಅಂತ ಗಲಾಟೆ ಆಗೋದು ಇಲ್ಲೇ.

ಇಓಎಲ್ ಅಸಾಧಾರಣ ರಜೆ, ಅಂದ್ರೆ ಸಂಬಳ ಇಲ್ಲ, ನಿಮ್ಮ ಎಲ್‌ಓಪಿ ಹತ್ತಿರ ಹತ್ತಿರ. ಆದ್ರೆ ಇಲ್ಲಿ ಒಂದು ಕೊಕ್ಕೆ ಇದೆ, ವೈದ್ಯಕೀಯ ಕಾರಣ ಇಲ್ದೆ ತಗೊಂಡಿದ್ರೆ ಇಂಕ್ರಿಮೆಂಟ್ ಮುಂದೆ ಹೋಗುತ್ತೆ. ಇನ್ನು ಹೇಳ್ದೆ ಕೇಳ್ದೆ ಹೋದ್ರೆ ಡೈಸ್‌ನಾನ್, ಆ ದಿನ ಸೇವೆ ಲೆಕ್ಕಕ್ಕೇ ಇಲ್ಲ, ಸಂಬಳವೂ ಇಲ್ಲ. ಕಂಪನೀಲಿ ಎಲ್‌ಓಪಿ ಆದ್ರೆ ದುಡ್ಡು ಹೋಗುತ್ತೆ ಅಷ್ಟೇ, ಇಲ್ಲಿ ಮೂವತ್ತು ವರ್ಷ ಆದ್ಮೇಲೆ ಪೆನ್ಷನ್ ಲೆಕ್ಕ ಹಾಕೋವಾಗ ಯಾರೋ ಒಬ್ಬ ಅದನ್ನ ಎತ್ತಿ ತೋರಿಸ್ತಾನೆ.

ಸರೆಂಡರ್ ಅಂದ್ರೆ ಗಳಿಕೆ ರಜೆ ಮಾರ್ಕೊಳ್ಳೋದು, ವರ್ಷಕ್ಕೆ 15 ದಿನ ಬಿಟ್ಟುಕೊಟ್ಟು ದುಡ್ಡು ತಗೋಬಹುದು.

ಸಿಎಲ್ ಯಾಕೆ ಕಾಣಲ್ಲ ಅಂದ್ರೆ, ನಿಯಮದ ಪ್ರಕಾರ ಸಾಂದರ್ಭಿಕ ರಜೆ ರಜೆಯೇ ಅಲ್ಲ! ಆ ದಿನ ನೀವು ಕೆಲಸದ ಮೇಲಿದ್ದ ಹಾಗೇ ಲೆಕ್ಕ. ಹಾಗಾಗಿ ಅದು ಆಫೀಸಿನ ರಿಜಿಸ್ಟರಲ್ಲಿ ಇರುತ್ತೆ, ವೇತನ ಬಿಲ್ಲಿಗೆ ಅದ್ರ ಹಂಗಿಲ್ಲ. ಮೊದ್ಲು 15 ಇತ್ತು, 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು 10 ಮಾಡಿದ್ರು. ಆ ವ್ಯಾಪಾರ ಲಾಭವೋ ನಷ್ಟವೋ ಅಂತ ನಮ್ಮ ಆಫೀಸಲ್ಲಿ ಒಂದು ವರ್ಷ ಚರ್ಚೆ ನಡೀತು.

ಕಾರ್ಪೊರೇಟ್ ಕೂಲಿ, ಬೆಂಗಳೂರು:

ರಜೆ ಅಲ್ಲದ ರಜೆ. ಸೂಪರ್ ಸರ್.

ಹೊಸ ಎಸ್‌ಡಿಎ, ಗದಗ:

ಸರ್, ಕೆ2 ಅಂದ್ರ ಏನ್ರಿ ಹಂಗಾರ? ಅದೂ ಎಚ್‌ಆರ್‌ಎಂಎಸ್ ಒಳಗಿನದ? ಮತ್ತ ಈ ತಿಂಗಳ ನಮ್ಮ ಕಡೆ ಬಾಜೂ ಸೆಕ್ಷನ್‌ನವ್ರಿಗೆ ಪಗಾರ ಆಗೇತಿ, ನಮಗ ಆಗಿಲ್ಲ, "ಹೆಡ್‌ನ್ಯಾಗ ಗ್ರ್ಯಾಂಟ್ ಇಲ್ಲ" ಅಂತಾರ. ಒಂದ ಆಫೀಸ್‌ನ್ಯಾಗ ಹಿಂಗ್ಯಾಕ?

ಖಜಾನೆ ಕಡೆಯವ:

ನಾನು ಖಜಾನೆ ಕಡೆಯವನೇ, ಹೆಸರು ಬೇಡ. ಕೆ2 ಅಂದ್ರೆ ಖಜಾನೆ-2, ಅದು ಎಚ್‌ಆರ್‌ಎಂಎಸ್ ಅಲ್ಲ, ಬೇರೆ ಸಿಸ್ಟಂ. ಎಚ್‌ಆರ್‌ಎಂಎಸ್‌ನಲ್ಲಿ ಬಿಲ್ ತಯಾರಾಗುತ್ತೆ, ಡ್ರಾಫ್ಟ್ ನೋಡಿ ಸರಿ ಇದ್ರೆ ಫೈನಲ್ ಮಾಡಿ ಡಿಡಿಓ ಡಿಜಿಟಲ್ ಸಹಿ ಹಾಕಿ ಖಜಾನೆಗೆ ಕಳಿಸ್ತಾರೆ, ನಾವು ಪಾಸ್ ಮಾಡಿದ್ರೆ ದುಡ್ಡು ನೇರ ಬ್ಯಾಂಕಿಗೆ. ಕೆ2ನಲ್ಲಿ ದುಡ್ಡು ತಗೊಳ್ಳೋ ಪ್ರತಿಯೊಬ್ಬರಿಗೂ ಒಂದು ರೆಸಿಪಿಯಂಟ್ ಐಡಿ ಇರುತ್ತೆ, ನೌಕರ ಇರಲಿ ಕಂಟ್ರಾಕ್ಟರ್ ಇರಲಿ. ನಿಮ್ಮ ಬ್ಯಾಂಕ್ ಅಕೌಂಟು ಐಎಫ್‌ಎಸ್‌ಸಿ ಅದಕ್ಕೆ ಅಂಟಿಕೊಂಡಿರೋದು. ಬ್ಯಾಂಕುಗಳು ವಿಲೀನ ಆಗಿ ಐಎಫ್‌ಎಸ್‌ಸಿ ಬದಲಾದಾಗ ಎಷ್ಟೋ ಜನ ಎಚ್‌ಆರ್‌ಎಂಎಸ್‌ನಲ್ಲಿ ತಿದ್ದಿಸಿದ್ರು, ಇಲ್ಲಿ ತಿದ್ದಿಸ್ಲಿಲ್ಲ, ದುಡ್ಡು ವಾಪಸ್ ಬಂತು.

ಹೆಡ್ ಅಂದ್ರೆ ಲೆಕ್ಕ ಶೀರ್ಷಿಕೆ. ಸರ್ಕಾರದ ದುಡ್ಡು ಒಂದೇ ಚೀಲದಲ್ಲಿ ಇರಲ್ಲ. 2202 ಅಂದ್ರೆ ಶಿಕ್ಷಣ, 2055 ಪೊಲೀಸ್, 2053 ಜಿಲ್ಲಾಡಳಿತ, 2210 ಆರೋಗ್ಯ, ಹೀಗೆ ಶುರುವಾಗಿ ಕೊನೆಯಲ್ಲಿ ಏನಕ್ಕೆ ಖರ್ಚು ಅನ್ನೋ ಕೋಡು ಬರುತ್ತೆ, 002 ಅಧಿಕಾರಿಗಳ ವೇತನ, 003 ಸಿಬ್ಬಂದಿ ವೇತನ, 011 ತುಟ್ಟಿಭತ್ಯೆ, 014 ಇತರೆ ಭತ್ಯೆ. ಒಂದೇ ಆಫೀಸಲ್ಲಿ ಕೂತವರಿಗೆ ಬೇರೆ ಬೇರೆ ಶೀರ್ಷಿಕೆಯಿಂದ ಸಂಬಳ ಇರಬಹುದು. 003ರಲ್ಲಿ ದುಡ್ಡಿದೆ 011ರಲ್ಲಿ ಖಾಲಿ ಅಂದ್ರೂ ಬಿಲ್ ನಿಲ್ಲುತ್ತೆ. ನಿಮ್ಮ ಶೀರ್ಷಿಕೆಗೆ ಮೇಲಿನ ಕಚೇರಿಯಿಂದ ಅನುದಾನ ಬಿಡುಗಡೆ ಆಗಿ ನಿಮ್ಮ ಡಿಡಿಓ ಕೋಡ್‌ಗೆ ಬೀಳ್ಬೇಕು. ಡಿಡಿಓ ಬರೆದು ಕೇಳದೆ ಇದ್ರೆ ಅದು ತಾನಾಗಿ ಬರಲ್ಲ. ಖಜಾನೆಯವ್ರು ತಡೆ ಹಿಡಿದ್ರು ಅಂತ ಮಾತ್ರ ಎಲ್ಲಾ ಕಡೆ ಹೇಳ್ತಾರೆ.

ಶಿವಮೊಗ್ಗ ಪೋಸ್ಟಣ್ಣ:

ನಾವು ಕೇಂದ್ರ ಸರ್ಕಾರದವ್ರು, ನಮಗೆ ಇ-ಎಚ್‌ಆರ್‌ಎಂಎಸ್ ಬೇರೆ. ನಿಮ್ಮ ಪದ ನಮಗೆ ನಡೆಯಲ್ಲ, ನಮ್ಮ ಪದ ನಿಮಗೆ ನಡೆಯಲ್ಲ. ನಿಮಗೆ ಕೆಜಿಐಡಿ ಇದೆ, ನಮಗಿಲ್ಲ. ಆರೋಗ್ಯಕ್ಕೆ ನಮಗೆ ಸಿಜಿಎಚ್‌ಎಸ್, ನಿಮಗೆ ಕಾಸ್ ಅಂತ ಏನೋ ಬಂದಿದೆಯಲ್ಲ ಅದು. ಗೂಗಲ್‌ನಲ್ಲಿ ಹುಡುಕಿ ಕೇಂದ್ರದ ನಿಯಮ ಓದ್ಕೊಂಡು ರಾಜ್ಯದ ಆಫೀಸಲ್ಲಿ ವಾದ ಮಾಡೋರು ಸ್ವಲ್ಪ ನೋಡ್ಕೊಳಿ. ಡಿಎ ಪರ್ಸೆಂಟೇಜೇ ಬೇರೆ ನಮ್ಮಿಬ್ರಿಗೂ.

ನರ್ಸಕ್ಕ, ಉಡುಪಿ:

ಕಾಸ್ ಬಗ್ಗೆ ನಾನು ಹೇಳ್ತೇನೆ, ಆಸ್ಪತ್ರೆಯಲ್ಲಿ ದಿನಾ ಕೇಳ್ತಾರೆ. ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ, ಇಂಗ್ಲಿಷ್ ಮೊದಲಕ್ಷರ ಸೇರಿಸಿದ್ರೆ ಕಾಸ್. 2025ರ ಅಕ್ಟೋಬರ್ 1ರಿಂದ ಶುರು. ನೌಕರ ಮತ್ತು ಅವಲಂಬಿತರಿಗೆ ನಗದುರಹಿತ ಚಿಕಿತ್ಸೆ, ಅಂದ್ರೆ ಯೋಜನೆಯಲ್ಲಿ ನೋಂದಣಿ ಆದ ಆಸ್ಪತ್ರೆಯಲ್ಲಿ ಮಾತ್ರ, ಎಲ್ಲಾ ಆಸ್ಪತ್ರೆಯಲ್ಲಿ ಅಲ್ಲ. ತಿಂಗಳಿಗೆ ಎ ಗ್ರೂಪಿಗೆ 1,000, ಬಿ ಗೆ 500, ಸಿ ಗೆ 350, ಡಿ ಗೆ 250 ಕಟ್ ಆಗ್ತದೆ. ಹಾಗಾಗಿ ಗದಗದ ತಂಗಿಗೆ 350 ಹೋಗಿರ್ಬೇಕು. ಮುಖ್ಯ ಎಂತ ಅಂದ್ರೆ ಕುಟುಂಬದ ವಿವರ ಮೊದಲೇ ಸರಿಯಾಗಿ ಸೇರಿಸಿ ಇಟ್ಕೊಳ್ಳಿ, ಆಧಾರ್‌ನಲ್ಲಿ ಇದ್ದ ಹಾಗೇ ಹೆಸರು. ಎಮರ್ಜೆನ್ಸಿಯಲ್ಲಿ ಅಪ್ಪನನ್ನು ಕರ್ಕೊಂಡು ಬಂದು ಕೌಂಟರಿನಲ್ಲಿ ನಿಂತು ಕೇಸ್‌ವರ್ಕರಿಗೆ ಫೋನ್ ಮಾಡುವುದನ್ನು ನೋಡಿದ್ರೆ ಬೇಜಾರಾಗ್ತದೆ.

ಪೊಲೀಸಪ್ಪ, ಬಳ್ಳಾರಿ:

ಎಸ್‌ಎಫ್‌ಎನ್ ಅಂತ ನಮ್ಮ ಹಳೇ ಎಎಸ್‌ಐ ಸಾಹೇಬ್ರ ಸ್ಲಿಪ್‌ನಲ್ಲಿ ಇದೆ, ನಮಗಿಲ್ಲ. ಅದೇನು ಅಂತ ಕೇಳಿದ್ರೆ ನಗ್ತಾರೆ, ಹೇಳಲ್ಲ.

ತುಮಕೂರು ಸೂಪರಿಂಟೆಂಡೆಂಟ್ (ನಿವೃತ್ತ):

😀 ಚಿಕ್ಕ ಕುಟುಂಬದ ಭತ್ಯೆ ಅದು. ಆಪರೇಷನ್ ಮಾಡಿಸ್ಕೊಂಡವ್ರಿಗೆ ಕೊಡ್ತಿದ್ದಿದ್ದು. ಅದಕ್ಕೇ ನಕ್ಕಿದಾರೆ. ಇನ್ನೂ ಒಂದಿಷ್ಟು ಇಂಥಾವು ಇದಾವೆ ಹಳಬ್ರ ಸ್ಲಿಪ್‌ನಲ್ಲಿ. ಟಿಬಿಎ ಅಂದ್ರೆ ಕಾಲಮಿತಿ ಬಡ್ತಿ, ಒಂದೇ ಹುದ್ದೇಲಿ 10 ವರ್ಷ ಕೊಳೆತ್ರೆ ಸಿಗೋದು, 1983ರ ನಿಯಮ. 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, ಅದು 1991ರದ್ದು. ಹೆಸರು ಸ್ವಯಂಚಾಲಿತ, ಆದ್ರೆ ತಾನಾಗಿ ಚಾಲನೆ ಆಗಿದ್ದು ನಾನಂತೂ ಕಂಡಿಲ್ಲ, ಅರ್ಜಿ ಕೊಟ್ಟು ಹಿಂದೆ ಬಿದ್ದು ಆದೇಶ ಮಾಡಿಸ್ಬೇಕು, ಆ ಆದೇಶ ಎಚ್‌ಆರ್‌ಎಂಎಸ್‌ಗೆ ಹತ್ತಿಸ್ಬೇಕು. ವಾರ್ಷಿಕ ಇಂಕ್ರಿಮೆಂಟು ಮಾತ್ರ ಈಗ ಎಲ್ಲರಿಗೂ ಜನವರಿ 1 ಇಲ್ಲಾ ಜುಲೈ 1, ಮೊದಲಿನ ಹಾಗೆ ಒಬ್ಬೊಬ್ರಿಗೆ ಒಂದೊಂದು ತಿಂಗಳು ಅಲ್ಲ.

ಹೊಸ ಎಸ್‌ಡಿಎ, ಗದಗ:

ಇಎಸ್‌ಎಸ್‌ನ್ಯಾಗ ಲಾಗಿನ್ ಆದೆ ಸರ್, ನನ್ನ ವಿವರ ಕಾಣ್ತಾವ. ಅಪ್ಪನ ಹೆಸರು ಒಂದು ಅಕ್ಷರ ತಪ್ಪೈತಿ. ಇ-ಎಸ್‌ಆರ್ ಅಂತಾರಲ್ಲ, ಅದು ಇದ ಏನ್ರಿ? ಪುಸ್ತಕದ್ದೂ ಬ್ಯಾರೆ ಇರ್ತೈತಾ?

ಲೆಕ್ಕದಣ್ಣ, ದಾವಣಗೆರೆ:

ಇಎಸ್‌ಎಸ್ ಅಂದ್ರೆ ನೌಕರರು ತಾವೇ ನೋಡ್ಕೊಳ್ಳೋ ಕಿಟಕಿ. ಇ-ಎಸ್‌ಆರ್ ಅಂದ್ರೆ ನಿಮ್ಮ ಸೇವಾ ಪುಸ್ತಕ ಗಣಕೀಕೃತ ಆಗಿರೋದು. ಸದ್ಯಕ್ಕೆ ಕೆಂಪು ಬಟ್ಟೆ ರಟ್ಟಿನ ಪುಸ್ತಕಾನೂ ನೋಡ್ಕೊಳಿ, ಎರಡರಲ್ಲೂ ಒಂದೇ ಥರ ಇರ್ಬೇಕು. ಅಕ್ಷರ ತಪ್ಪು ಅಂದ್ರಲ್ಲ ಈಗ್ಲೇ ತಿದ್ದಿಸಿ, ಆಧಾರ್, ಪ್ಯಾನ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮುಂದಿಟ್ಕೊಂಡು ಡಿಡಿಓಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳಿ. ಪ್ರಾನ್ ಅರ್ಜಿ ಹೋಗೋಕೆ ಮುಂಚೆ ಆದ್ರೆ ಒಳ್ಳೇದು, ಇಲ್ಲಾಂದ್ರೆ ಅಲ್ಲೂ ತಪ್ಪೇ ಹೋಗುತ್ತೆ.

ಅದ್ರ ಜೊತೆಗೆ ನಾಮಿನೇಷನ್ ಎಲ್ಲಾ ಕೊಟ್ಟಿದೀರಾ? ಕೆಜಿಐಡಿಗೆ ಬೇರೆ, ಇಜಿಐಎಸ್‌ಗೆ ಬೇರೆ, ಎನ್‌ಪಿಎಸ್‌ಗೆ ಬೇರೆ, ಗ್ರಾಚ್ಯುಟಿಗೆ ಬೇರೆ. ಒಂದು ಕಡೆ ಕೊಟ್ರೆ ಎಲ್ಲಾ ಕಡೆ ಆಯ್ತು ಅಂತಲ್ಲ. ಮದ್ವೆ ಆದ್ಮೇಲೆ ಮತ್ತೆ ಹೊಸದಾಗಿ ಕೊಡ್ಬೇಕು, ಮದ್ವೆಗೆ ಮುಂಚಿನದು ನಿಲ್ಲಲ್ಲ.

ಹೊಸ ಎಸ್‌ಡಿಎ, ಗದಗ:

ಕೊಟ್ಟಿಲ್ರಿ. ಫಾರಂ ಎಲ್ಲಾ ಪ್ರಿಂಟ್ ತಗೊಂಡೆ ಈಗ. ಮದ್ವಿ ಆಗಿಲ್ಲ ನಂದು, ಅವ್ವ ಅಪ್ಪ ಇಬ್ಬರ ಹೆಸರೂ ಬರೀಬಹುದಾ?

ಲೆಕ್ಕದಣ್ಣ, ದಾವಣಗೆರೆ:

ಬರೀಬಹುದು. ಪಾಲು ಎಷ್ಟೆಷ್ಟು ಅನ್ನೋ ಕಾಲಂ ಖಾಲಿ ಬಿಡ್ಬೇಡಿ, ಎರಡೂ ಕೂಡಿ ನೂರಕ್ಕೆ ಸರಿ ಬರ್ಬೇಕು. ಸಾಕ್ಷಿ ಸಹಿ ಇಬ್ರದ್ದು ಹಾಕ್ಸಿ, ಒಂದು ಜೆರಾಕ್ಸ್‌ಗೆ ಡಿಡಿಓ ಸೀಲ್ ಹೊಡಿಸ್ಕೊಂಡು ನಿಮ್ಮ ಹತ್ರ ಇಟ್ಕೊಳಿ.